ಬ್ರೌಸರ್ ಲೈಬ್ರರಿಯನ್ನು ಸರ್ವರ್‌ಗೆ ತರುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಬ್ರೌಸರ್‌ಗೆ ಅಂತ ಬರೆದ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಸರ್ವರ್‌ನಲ್ಲಿ, ಅಂದರೆ ನೋಡ್‌ನಲ್ಲಿ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಓಡಿಸುವುದು ಹೇಗೆ? ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಇದೆ, ಯಾಕೆಂದರೆ ಅದು ಅರ್ಥವಾದರೆ ಉಳಿದವು ಸುಲಭ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ, ಸಾವಿರಾರು ಇವೆ. ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಜೆಕ್ವೆರಿ ಐಎಂಇ ಲೈಬ್ರರಿಯನ್ನು (ಇದು ಜೆಕ್ವೆರಿ ಅನ್ನುವ ಇನ್ನೊಂದು ಬ್ರೌಸರ್ ಲೈಬ್ರರಿಯ ಮೇಲೆ ನಿಂತಿದೆ) ನೋಡ್‌ನಲ್ಲಿ ಓಡಿಸಿ ಎಲ್ಲವನ್ನೂ ಒಂದೇ ಸಲ ಕನ್ನಡಕ್ಕೆ ತರಬೇಕು. ಫೈಲ್ ಕರೆದರೆ 'ಜೆಕ್ವೆರಿ ಈಸ್ ನಾಟ್ ಡಿಫೈನ್ಡ್' ಅನ್ನುತ್ತದೆ. ಜೆಎಸ್‌ಡಾಮ್ (ನೋಡ್‌ನಲ್ಲಿ ಬ್ರೌಸರ್‌ನ ನಕಲು ಮಾಡುವ ಲೈಬ್ರರಿ) ಹಾಕಿ, ಒಂದು ಟೆಕ್ಸ್ಟ್ ಬಾಕ್ಸ್ ಮಾಡಿ, ಕೀ ಒತ್ತಿದ ಹಾಗೆ ಈವೆಂಟ್ ಕಳಿಸಿದೆ. ಏನೂ ಆಗಲಿಲ್ಲ. (ಒಬ್ಬ ಓದುಗ, ದಾವಣಗೆರೆ)

ಉತ್ತರ: ಜೆಎಸ್‌ಡಾಮ್ ತೆಗೆದುಬಿಡಿ. ನಿಮಗೆ ಅದು ಬೇಕಾಗಿಲ್ಲ.

ಈ ಲೈಬ್ರರಿ ಮಾಡುವ ಕೆಲಸ ಎರಡು ಥರದ್ದು. ಒಂದು, ಪುಟದಲ್ಲಿರುವ ಪೆಟ್ಟಿಗೆಯನ್ನು ಕಾಯುವುದು: ಕರ್ಸರ್ ಎಲ್ಲಿದೆ, ಯಾವ ಕೀ ಒತ್ತಿದರು, ಯಾವ ಭಾಷೆ ಆರಿಸಿದರು ಅಂತ ನೋಡುವುದು, ಆ ಭಾಷೆಯ ನಿಯಮದ ಫೈಲನ್ನು ಸರ್ವರ್‌ನಿಂದ ತರಿಸಿಕೊಳ್ಳುವುದು. ಇನ್ನೊಂದು, ಇಷ್ಟು ಅಕ್ಷರಕ್ಕೆ ಈ ಕನ್ನಡ ಅಕ್ಷರ ಅಂತ ಲೆಕ್ಕ ಹಾಕುವುದು. ನಿಮಗೆ ಬೇಕಾಗಿರುವುದು ಎರಡನೆಯದು ಮಾತ್ರ. ಮೊದಲನೆಯದನ್ನು ಸುಳ್ಳು ಬ್ರೌಸರ್ ಒಳಗೆ ನಡೆಸಲು ಹೋಗಿದ್ದೀರಿ. ಅಲ್ಲಿ ವಿಳಾಸವೇ ಇಲ್ಲದ ಖಾಲಿ ಪುಟ ಇರುವುದರಿಂದ ನಿಯಮದ ಫೈಲ್ ಎಲ್ಲಿಂದ ಬರಬೇಕು ಹೇಳಿ? ಅದಕ್ಕೇ ಸುಮ್ನೆ ಕೂತಿದೆ.

ಲೈಬ್ರರಿಯ ರೂಲ್ಸ್ ಫೋಲ್ಡರ್‌ನಲ್ಲಿ ಕನ್ನಡದ ಲಿಪ್ಯಂತರಣದ ಫೈಲ್ ತೆರೆದು ಒಮ್ಮೆ ಓದಿ. ಅದು ಒಂದು ಆಬ್ಜೆಕ್ಟ್, ಅಷ್ಟೇ. ಅದರಲ್ಲಿ ಹೆಸರು, ಲೈಸೆನ್ಸ್, ಹಿಂದಿನ ಎಷ್ಟು ಅಕ್ಷರ ನೋಡಬೇಕು ಅನ್ನುವ ಒಂದು ಸಂಖ್ಯೆ, ಆಮೇಲೆ ಪ್ಯಾಟರ್ನ್‌ಗಳ ಉದ್ದನೆಯ ಪಟ್ಟಿ. ಕೊನೆಯ ಸಾಲಿನಲ್ಲಿ ಜೆಕ್ವೆರಿಯ ಐಎಂಇಗೆ 'ರಿಜಿಸ್ಟರ್' ಅಂತ ಕರೆ. ಇಡೀ ಫೈಲ್ ಜೆಕ್ವೆರಿಯನ್ನು ಕೇಳುವುದು ಆ ಒಂದು ಕರೆಗೋಸ್ಕರ! ಹಾಗಾದರೆ ನಿಜವಾದ ಜೆಕ್ವೆರಿ ಯಾಕೆ ಕೊಡಬೇಕು? 'ಐಎಂಇ' ಅನ್ನುವ ಆಬ್ಜೆಕ್ಟ್, ಅದರೊಳಗೆ 'ರಿಜಿಸ್ಟರ್' ಅನ್ನುವ ಫಂಕ್ಷನ್, ಬಂದದ್ದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುವುದು ಮಾತ್ರ ಅದರ ಕೆಲಸ. ಇದನ್ನು ಜೆಕ್ವೆರಿ ಅನ್ನುವ ಹೆಸರಿನಲ್ಲಿ ಕೊಟ್ಟು, ನೋಡ್‌ನ 'ವಿಎಂ' ಮಾಡ್ಯೂಲ್ ಮೂಲಕ ಆ ಫೈಲನ್ನು ಪ್ರತ್ಯೇಕ ಕಾಂಟೆಕ್ಸ್ಟ್‌ನಲ್ಲಿ ಓಡಿಸಿ. ನಿಯಮಗಳು ನಿಮ್ಮ ಕೈಗೆ ಬರುತ್ತವೆ. ಒಂದು ಎಚ್ಚರಿಕೆ: 'ವಿಎಂ' ರಕ್ಷಣೆಯ ಗೋಡೆ ಅಲ್ಲ. ನೀವೇ ಓದಿ ನೋಡಿದ ಫೈಲ್ ಆದ್ದರಿಂದ ಪರವಾಗಿಲ್ಲ, ಎಲ್ಲಿಂದಲೋ ಬಂದ ಕೋಡನ್ನು ಹೀಗೆ ಓಡಿಸಬೇಡಿ.

ಇನ್ನು ಲೆಕ್ಕದ ಭಾಗ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೊಡುತ್ತಾ ಹೋಗಬೇಕು, ಟೈಪ್ ಮಾಡಿದ ಹಾಗೆಯೇ. ಇಲ್ಲಿಯವರೆಗೆ ಬಂದ ಉತ್ತರದ ಕೊನೆಯ ಕೆಲವು ಅಕ್ಷರ ಜೊತೆಗೆ ಹೊಸ ಅಕ್ಷರ, ಇದಕ್ಕೆ ಪಟ್ಟಿಯ ಪ್ಯಾಟರ್ನ್‌ಗಳನ್ನು ಮೇಲಿನಿಂದ ಕೆಳಗೆ ಹೊಂದಿಸಿ ನೋಡಿ. ಪ್ಯಾಟರ್ನ್ ಪಠ್ಯದ ಕೊನೆಗೇ ಕೂರಬೇಕು. ಮೊದಲು ಹೊಂದಿದ್ದನ್ನು ಬದಲಾಯಿಸಿ ನಿಲ್ಲಿಸಿ. ಯಾವುದೂ ಹೊಂದದಿದ್ದರೆ ಅಕ್ಷರವನ್ನು ಹಾಗೇ ಸೇರಿಸಿ. ಇಂಗ್ಲಿಷಿನ ಕೆ ಕೊಟ್ಟರೆ 'ಕ್' ಬರುತ್ತದೆ, ಆಮೇಲೆ ಎ ಕೊಟ್ಟರೆ ಆ ಅರ್ಧಾಕ್ಷರ ಕರಗಿ 'ಕ' ಆಗುತ್ತದೆ, ಹೀಗೇ ಸಾಗಿ 'ಕಮಲ' ಆಗುತ್ತದೆ. ಈ ಲೈಬ್ರರಿಯ ಕೆಲವು ನಿಯಮಗಳಲ್ಲಿ ಎರಡರ ಬದಲು ಮೂರು ಭಾಗ ಇರಬಹುದು. ನಡುವಿನದು ಹಿಂದೆ ಒತ್ತಿದ ಕೀಗಳಿಗೆ ಸಂಬಂಧಿಸಿದ್ದು, ಅದನ್ನೂ ನೋಡಿಕೊಳ್ಳಿ. ಎಲ್ಲ ಸೇರಿ ಒಂದು ಪುಟದ ಕೋಡ್ ಆಗುವುದಿಲ್ಲ.

ಆದರೆ ಮುಖ್ಯವಾದ ಮಾತು ಇದು. ಈ ನಿಯಮಗಳು ಕನ್ನಡ ಟೈಪ್ ಮಾಡುವವರಿಗೆ ಬರೆದವು. ದೀರ್ಘ ಬೇಕಾದರೆ ದೀರ್ಘ ಅಂತ ಟೈಪ್ ಮಾಡುತ್ತಾರೆ ಅಂತ ನಂಬಿಕೊಂಡಿವೆ. ನಿಮ್ಮ ಪಟ್ಟಿಯಲ್ಲಿರುವ ಹೆಸರುಗಳು ಹಾಗಿಲ್ಲ ಅಲ್ವಾ? ನಾಗರಾಜ್ ಅನ್ನುವ ಹೆಸರನ್ನು ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುವ ಹಾಗೆ ಕೊಟ್ಟರೆ 'ನಗರಜ್' ಬರುತ್ತದೆ. ಸವಿತಾ ಅನ್ನುವವರು ಇಂಗ್ಲಿಷಿನಲ್ಲಿ ಟಿ ಜೊತೆಗೆ ಎಚ್ ಸೇರಿಸುತ್ತಾರೆ, ಅದು 'ಸವಿಥ' ಆಗುತ್ತದೆ. ಕ್ಯಾಪಿಟಲ್ ಅಕ್ಷರಕ್ಕೆ ಬೇರೆ ಅರ್ಥ ಇದೆ (ಕ್ಯಾಪಿಟಲ್ ಎನ್ 'ಣ್', ಕ್ಯಾಪಿಟಲ್ ಎಲ್ 'ಳ್'), ಆದ್ದರಿಂದ ಮೊದಲು ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸಿ. ನಮ್ಮ ಕಡೆ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪಟ್ಟಿಯಲ್ಲಿರುವ ಬೇರೆ ಬೇರೆ ಪದಗಳನ್ನು ಮಾತ್ರ ತೆಗೆದು, ಜಾಸ್ತಿ ಸಲ ಬಂದದ್ದು ಮೇಲೆ ಇರುವ ಹಾಗೆ ಜೋಡಿಸಿ, ಸಂಘದಲ್ಲಿ ಸದಸ್ಯರ ಪರಿಚಯ ಇರುವ ಒಬ್ಬರನ್ನು ಕೂರಿಸಿಕೊಂಡು ಕೈಯಿಂದ ತಿದ್ದಿ. ಆ ತಿದ್ದಿದ ಪಟ್ಟಿಯನ್ನೇ ಮೊದಲು ನೋಡಬೇಕು, ಅಲ್ಲಿ ಸಿಗದಿದ್ದರೆ ಮಾತ್ರ ಲೈಬ್ರರಿಯ ನಿಯಮ. ಒಬ್ಬರ ಹೆಸರು ಪಾಸ್‌ಬುಕ್‌ನಲ್ಲಿ ತಪ್ಪಾಗಿ ಅಚ್ಚಾದರೆ ಅದನ್ನು ಸರಿ ಮಾಡಿಸಲು ಅವರು ಎಷ್ಟು ಅಲೆಯಬೇಕು ಅಂತ ನಿಮಗೂ ಗೊತ್ತು.

ಪ್ರಶ್ನೆ: ನಮ್ಮ ಊರಿನ ಕೆರೆಗಳ ನಕ್ಷೆ ಮಾಡುತ್ತಿದ್ದೇನೆ. ನೆಕ್ಸ್ಟ್ (ತಾಣ ಕಟ್ಟುವ ಚೌಕಟ್ಟು) ಮತ್ತು ಲೀಫ್ಲೆಟ್ (ನಕ್ಷೆಯ ಲೈಬ್ರರಿ) ಬಳಸಿದ್ದೇನೆ. ಫೈಲ್ ಮೇಲೆ 'ಯೂಸ್ ಕ್ಲೈಂಟ್' ಬರೆದರೂ 'ವಿಂಡೋ ಈಸ್ ನಾಟ್ ಡಿಫೈನ್ಡ್' ಬರುತ್ತದೆ. (ಒಬ್ಬ ವಿದ್ಯಾರ್ಥಿನಿ, ಮೈಸೂರು)

ಉತ್ತರ: 'ಯೂಸ್ ಕ್ಲೈಂಟ್' ಅಂದರೆ ಬ್ರೌಸರ್‌ನಲ್ಲಿ ಮಾತ್ರ ಓಡು ಅಂತ ಅಲ್ಲ. ತುಂಬಾ ಜನ ಹಾಗೆ ತಿಳಿದುಕೊಂಡಿದ್ದಾರೆ. ಆ ಕಾಂಪೊನೆಂಟ್ ಕೂಡ ಮೊದಲು ಸರ್ವರ್‌ನಲ್ಲಿ ಒಮ್ಮೆ ಓಡಿ ಎಚ್‌ಟಿಎಂಎಲ್ ಆಗುತ್ತದೆ, ಆಮೇಲೆ ಬ್ರೌಸರ್‌ನಲ್ಲಿ ಜೀವ ಪಡೆಯುತ್ತದೆ. ಲೀಫ್ಲೆಟ್ 1ನೇ ಸರಣಿಯ ಆವೃತ್ತಿಗಳು ಲೋಡ್ ಆಗುವಾಗಲೇ ವಿಂಡೋವನ್ನು, ಅಂದರೆ ಬ್ರೌಸರ್‌ನಲ್ಲಿ ಮಾತ್ರ ಇರುವ ಆಬ್ಜೆಕ್ಟನ್ನು, ಮುಟ್ಟುತ್ತವೆ. ಆದ್ದರಿಂದ ಕೆಳಗೆಲ್ಲೋ 'ವಿಂಡೋ ಇದೆಯಾ' ಅಂತ ಇಫ್ ಹಾಕಿ ಪ್ರಯೋಜನ ಇಲ್ಲ, ಮೇಲಿನ ಇಂಪೋರ್ಟ್ ಸಾಲಿನಲ್ಲೇ ಎಲ್ಲ ಮುಗಿದಿರುತ್ತದೆ.

ನಕ್ಷೆಯನ್ನು ಅದರದೇ ಫೈಲ್‌ಗೆ ಹಾಕಿ. ಅದನ್ನು ನೆಕ್ಸ್ಟ್‌ನ 'ಡೈನಾಮಿಕ್' ಮೂಲಕ, 'ಎಸ್‌ಎಸ್‌ಆರ್' (ಮೊದಲು ಸರ್ವರ್‌ನಲ್ಲಿ ಓಡಿಸುವ ಹಂತ) ಫಾಲ್ಸ್ ಕೊಟ್ಟು ತರಿಸಿ. ನೆಕ್ಸ್ಟ್ 15 ರಿಂದ ಈ ಆಯ್ಕೆಯನ್ನು ಸರ್ವರ್ ಕಾಂಪೊನೆಂಟ್ ಒಳಗೆ ಬರೆಯಲು ಬಿಡುವುದಿಲ್ಲ, ನಡುವೆ ಒಂದು ಕ್ಲೈಂಟ್ ಕಾಂಪೊನೆಂಟ್ ಇಟ್ಟುಕೊಳ್ಳಿ. ನಕ್ಷೆ ಬರುವ ತನಕ ಅಷ್ಟೇ ಎತ್ತರದ ಖಾಲಿ ಜಾಗ ಇರಲಿ, ಪುಟ ಕುಣಿಯುವುದಿಲ್ಲ.

ಕೆರೆಗಳ ಹೆಸರು, ಊರು, ವಿಸ್ತೀರ್ಣದ ಪಟ್ಟಿಯನ್ನು ಮಾತ್ರ ಖಂಡಿತ ಸರ್ವರ್‌ನಿಂದಲೇ ಕಳಿಸಿ. ಎಳೆದು ನೋಡುವ ನಕ್ಷೆಗೆ ಸರ್ವರ್‌ನಲ್ಲಿ ಕೆಲಸವಿಲ್ಲ. ಪಟ್ಟಿಯ ವಿಷಯ ಬೇರೆ, ಹುಡುಕುವವರಿಗೂ ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಫೋನ್ ಹಿಡಿದು ನಿಂತವರಿಗೂ ಮೊದಲು ಬೇಕಾಗುವುದು ಅದೇ.

ಪ್ರಶ್ನೆ: ಇಂಥ ಎರರ್ ಬಂದಾಗ ಗ್ಲೋಬಲ್‌ನಲ್ಲಿ (ಎಲ್ಲ ಕೋಡ್‌ಗೂ ಕಾಣುವ ಜಾಗದಲ್ಲಿ) ಜೆಎಸ್‌ಡಾಮ್‌ನ ವಿಂಡೋ ಮತ್ತು ಡಾಕ್ಯುಮೆಂಟ್ ಇಟ್ಟುಬಿಡಿ ಅಂತ ಆಫೀಸಿನಲ್ಲಿ ಸಲಹೆ ಕೊಟ್ಟರು. ಕೆಲಸವೂ ಆಗುತ್ತಿದೆ. ತೊಂದರೆ ಏನಾದರೂ ಇದೆಯಾ? (ಒಬ್ಬ ಓದುಗ, ಬೆಂಗಳೂರು)

ಉತ್ತರ: ಇದೆ, ದೊಡ್ಡದೇ ಇದೆ. ದಯವಿಟ್ಟು ಇವತ್ತೇ ತೆಗೆಯಿರಿ.

ಬ್ರೌಸರ್‌ನಲ್ಲಿ ಒಂದು ಟ್ಯಾಬ್‌ಗೆ ಒಬ್ಬರೇ ಬಳಕೆದಾರರು. ಸರ್ವರ್‌ನಲ್ಲಿ ಒಂದೇ ಪ್ರೊಸೆಸ್ ನೂರಾರು ಜನರ ಕೋರಿಕೆಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿರುತ್ತದೆ. ಒಬ್ಬರ ಕೆಲಸ ಡೇಟಾಬೇಸ್‌ಗಾಗಿ ಕಾಯುತ್ತಿರುವಾಗ ಇನ್ನೊಬ್ಬರದು ಶುರುವಾಗುತ್ತದೆ. ಗ್ಲೋಬಲ್ ವಿಂಡೋ ಇಬ್ಬರಿಗೂ ಅದೇ. ಅದರ ಮೇಲೆ ಲೈಬ್ರರಿ ಏನು ಬರೆದಿಟ್ಟರೂ ಒಬ್ಬರ ಮಾಹಿತಿ ಇನ್ನೊಬ್ಬರ ಪುಟದಲ್ಲಿ ಕಾಣಿಸಿಕೊಳ್ಳಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೀವೊಬ್ಬರೇ ಪರೀಕ್ಷೆ ಮಾಡುವಾಗ ಇದು ಯಾವತ್ತೂ ಕಾಣುವುದಿಲ್ಲ.

ಇನ್ನೊಂದು, ಎಷ್ಟೋ ಲೈಬ್ರರಿಗಳು ವಿಂಡೋ ಇದೆಯಾ ಅಂತ ನೋಡಿಯೇ ತಾವು ಎಲ್ಲಿದ್ದೇವೆ ಅಂತ ತೀರ್ಮಾನಿಸುತ್ತವೆ. ನೀವು ವಿಂಡೋ ಇಟ್ಟ ಕೂಡಲೇ ಸಂಬಂಧವೇ ಇಲ್ಲದ ಲೈಬ್ರರಿ ಬ್ರೌಸರ್ ದಾರಿ ಹಿಡಿಯುತ್ತದೆ. ನೋಡ್ ತಂಡದವರು 2023ರಲ್ಲಿ 21ನೇ ಆವೃತ್ತಿಯಲ್ಲಿ 'ನ್ಯಾವಿಗೇಟರ್' ಅನ್ನು ಗ್ಲೋಬಲ್‌ಗೆ ಸೇರಿಸಿದರು. ನ್ಯಾವಿಗೇಟರ್ ಇದ್ದರೆ ಬ್ರೌಸರ್ ಅಂತ ನಂಬಿದ ಹಳೆಯ ಕೋಡ್‌ಗೆ ಅಷ್ಟೇ ಸಾಕು, ದಾರಿ ತಪ್ಪಲು.

ಬ್ರೌಸರ್ ಬೇಕೇ ಬೇಕು ಅನ್ನುವ ಕೆಲಸಗಳೂ ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ಈ ಆಸೆ ಹೊಸದೂ ಅಲ್ಲ. ಜೆಕ್ವೆರಿ ಬರೆದ ಜಾನ್ ರೆಸಿಗ್ ಅವರೇ 2007ರಲ್ಲಿ, ನೋಡ್ ಹುಟ್ಟುವ ಮೊದಲೇ, ಜಾವಾದಲ್ಲಿ ಬರೆದ ರೈನೋ ಎಂಜಿನ್ ಮೇಲೆ ಬ್ರೌಸರ್‌ನ ನಕಲು ವಾತಾವರಣ ಮಾಡಿದ್ದರು. ಇವತ್ತು ಜೆಕ್ವೆರಿ 3 ಅನ್ನು ನೋಡ್‌ನಲ್ಲಿ ಕರೆದರೆ, ಡಾಕ್ಯುಮೆಂಟ್ ಇಲ್ಲದ ಕಡೆ ಅದು ಒಂದು ಫಂಕ್ಷನ್ ಕೊಡುತ್ತದೆ. ಅದಕ್ಕೆ ಜೆಎಸ್‌ಡಾಮ್‌ನ ವಿಂಡೋ ಕೊಟ್ಟರೆ ಆ ವಿಂಡೋಗೆ ಸೇರಿದ ಜೆಕ್ವೆರಿ ಸಿಗುತ್ತದೆ. ಇದು ಸರಿಯಾದ ದಾರಿ: ಒಂದು ಕೆಲಸಕ್ಕೆ ಒಂದು ವಿಂಡೋ, ಕೈಯಿಂದ ಕೈಗೆ ಕೊಡಿ, ಕೆಲಸ ಮುಗಿದ ಮೇಲೆ ಅದರ 'ಕ್ಲೋಸ್' ಕರೆಯಿರಿ, ಟೈಮರ್‌ಗಳು ನಿಲ್ಲುತ್ತವೆ. ಬಳಕೆದಾರರು ಬರೆದ ಎಚ್‌ಟಿಎಂಎಲ್ ಶುದ್ಧ ಮಾಡುವ ಡಾಮ್‌ಪ್ಯೂರಿಫೈಗೂ ಹೀಗೇ ಕೊಡಬೇಕು, ಮತ್ತು ಅಲ್ಲಿ ಜೆಎಸ್‌ಡಾಮ್‌ನ ಹೊಸ ಆವೃತ್ತಿಯೇ ಇರಲಿ. ಬರೀ ಪುಟ ಓದಿ ಒಂದೆರಡು ಸಾಲು ಹೆಕ್ಕುವುದಾದರೆ ಚೀರಿಯೋ ಸಾಕು, ಅದು ಸ್ಕ್ರಿಪ್ಟ್ ಓಡಿಸುವುದೇ ಇಲ್ಲ, ಹಗುರ. ಅಳತೆ ಬೇಕಾದರೆ ಜೆಎಸ್‌ಡಾಮ್‌ನಿಂದ ಆಗುವುದಿಲ್ಲ, ಪುಟದ ವಿನ್ಯಾಸವನ್ನು ಅದು ಲೆಕ್ಕ ಹಾಕುವುದಿಲ್ಲ, ಅಗಲ ಎತ್ತರ ಕೇಳಿದರೆ ಸೊನ್ನೆ ಹೇಳುತ್ತದೆ.

ಪ್ರಶ್ನೆ: ಮಳೆಯ ಅಂಕಿಅಂಶದ ಚಾರ್ಟನ್ನು ಸರ್ವರ್‌ನಲ್ಲೇ ಚಿತ್ರ ಮಾಡಿ ಇಮೇಲ್‌ನಲ್ಲಿ ಕಳಿಸುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಇದ್ದ ಕನ್ನಡ ಸರ್ವರ್‌ನಲ್ಲಿ ಬರೀ ಡಬ್ಬಗಳಾಗಿ ಬರುತ್ತದೆ. (ಒಬ್ಬ ಓದುಗರು, ಶಿವಮೊಗ್ಗ)

ಉತ್ತರ: ಇದು ಜಾವಾಸ್ಕ್ರಿಪ್ಟ್ ತೊಂದರೆ ಅಲ್ಲ, ಫಾಂಟ್ ಇಲ್ಲ ಅಷ್ಟೇ. ಡಾಕರ್‌ನ ಸಣ್ಣ ಇಮೇಜ್‌ಗಳಲ್ಲಿ (ಚಿತ್ರವಲ್ಲ, ಸರ್ವರ್‌ಗೆ ಹಾಕುವ ತಂತ್ರಾಂಶದ ಪೊಟ್ಟಣ) ಕನ್ನಡದ ಫಾಂಟ್ ಇರುವುದಿಲ್ಲ. ಡೆಬಿಯನ್ ಲಿನಕ್ಸ್ ಆದರೆ ನೋಟೋ ಕೋರ್ ಪ್ಯಾಕೇಜ್ ಅಥವಾ ಲೋಹಿತ್ ಕನ್ನಡ ಹಾಕಿ, ಎಫ್‌ಸಿ-ಲಿಸ್ಟ್ ಕಮಾಂಡ್‌ನಿಂದ ಬಂದಿದೆಯಾ ನೋಡಿಕೊಳ್ಳಿ. ಡಬ್ಬ ಹೋದ ಮೇಲೆ ಒತ್ತಕ್ಷರ ನೋಡಿ. 'ರಾಷ್ಟ್ರೀಯ', 'ಅರ್ಕಾವತಿ' ಈ ಎರಡು ಪದ ಬರೆಸಿ ನೋಡಿದರೆ ಒತ್ತು ಮತ್ತು ಅರ್ಕಾವೊತ್ತು ಎರಡೂ ಗೊತ್ತಾಗುತ್ತವೆ.

ನೀವು ಇ-ಚಾರ್ಟ್ಸ್ ಅನ್ನುವ ಚಾರ್ಟ್ ಲೈಬ್ರರಿ ಬಳಸುವುದಾದರೆ 5.3 ರಿಂದ ಅದಕ್ಕೇ ಸರ್ವರ್ ಮೋಡ್ ಇದೆ. ಡಾಮ್ (ಬ್ರೌಸರ್ ಒಳಗಿನ ಪುಟದ ರಚನೆ) ಬೇಡ, ಅಗಲ ಎತ್ತರ ನೀವೇ ಹೇಳಿದರೆ ಎಸ್‌ವಿಜಿ (ಚಿತ್ರವನ್ನು ಪಠ್ಯವಾಗಿ ಬರೆಯುವ ವಿಧಾನ) ಪಠ್ಯ ಕೊಡುತ್ತದೆ. ಜಿಮೇಲ್ ಎಸ್‌ವಿಜಿ ತೋರಿಸುವುದಿಲ್ಲ, ಆದ್ದರಿಂದ ಪಿಎನ್‌ಜಿ ಮಾಡಿ ಕಳಿಸಬೇಕು, ಆ ಹಂತಕ್ಕೂ ಫಾಂಟ್ ಬೇಕು. ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕ್ಯಾನ್ವಾಸ್ (ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಹಲಗೆ) ಇಲ್ಲದ ಕಡೆ ಇ-ಚಾರ್ಟ್ಸ್ ಪದದ ಅಗಲವನ್ನು ಅಂದಾಜು ಮಾಡುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಅದರ ಬಳಿ ಅಳತೆಯ ಪಟ್ಟಿ ಇದೆ, ಉಳಿದ ಎಲ್ಲ ಭಾಷೆಗೂ ಒಂದು ಸಂಕೇತಕ್ಕೆ ಒಂದು ಪೂರ್ತಿ ಅಕ್ಷರದ ಜಾಗ ಅಂತ ಎಣಿಸುತ್ತದೆ. ಚೀನೀ ಲಿಪಿಗೆ ಅದು ಸರಿ. ನಮ್ಮ 'ಕ್ಷೇತ್ರ' ಅನ್ನುವ ಪದವನ್ನು ತೆಗೆದುಕೊಳ್ಳಿ. ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್‌ನಲ್ಲಿ 7 ಸಂಕೇತ. ಹಾಗಾಗಿ ಲೈಬ್ರರಿ 7 ಅಕ್ಷರದ ಜಾಗ ಬಿಡುತ್ತದೆ, ಅಥವಾ ಜಾಗ ಸಾಲದು ಅಂತ ಲೇಬಲನ್ನೇ ಬಿಟ್ಟುಬಿಡುತ್ತದೆ. 'ಸೆಟ್‌ಪ್ಲಾಟ್‌ಫಾರ್ಮ್‌ಎಪಿಐ' ಮೂಲಕ ನಿಮ್ಮದೇ ಅಳತೆಯ ಫಂಕ್ಷನ್ ಕೊಡಬಹುದು. ನೋಡ್‌ನ ಕ್ಯಾನ್ವಾಸ್ ಪ್ಯಾಕೇಜ್‌ನಿಂದ ಅಳೆದು ಕೊಟ್ಟರೆ ಲೇಬಲ್‌ಗಳು ಸರಿಯಾದ ಜಾಗಕ್ಕೆ ಬರುತ್ತವೆ. ಕನ್ನಡ ಪಠ್ಯ ತುಂಬಾ ಇರುವ ವರದಿಯಾದರೆ ಪಪೆಟಿಯರ್ ಬಳಸಿ ನಿಜವಾದ ಕ್ರೋಮ್ ಓಡಿಸಿ. ಮೆಮೊರಿ ಜಾಸ್ತಿ ತಿನ್ನುತ್ತದೆ, ಆದರೆ ಅಕ್ಷರ ಕೆಡುವುದಿಲ್ಲ.

ಪ್ರಶ್ನೆ: ಬೆಳಗಿನ ಜಾವ ನಮ್ಮ ತಾಣ ತೆರೆದರೆ ನಿನ್ನೆಯ ದಿನಾಂಕ ಒಂದು ಕ್ಷಣ ಕಂಡು ಇವತ್ತಿನದಾಗುತ್ತದೆ, ಕನ್ಸೋಲ್‌ನಲ್ಲಿ ಹೈಡ್ರೇಶನ್ ಎರರ್. ಹಗಲು ಹೊತ್ತು ಏನೂ ಇಲ್ಲ. (ಒಬ್ಬ ಓದುಗ, ಮಂಗಳೂರು)

ಉತ್ತರ: ನಿಮ್ಮ ಸರ್ವರ್ ಯುಟಿಸಿ (ಜಾಗತಿಕ ಮಾನಕ) ಸಮಯದಲ್ಲಿದೆ, ಓದುಗರ ಫೋನ್ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ರಾತ್ರಿ 12 ರಿಂದ ಬೆಳಿಗ್ಗೆ 5.30 ರವರೆಗೆ ಸರ್ವರ್‌ಗೆ ಇನ್ನೂ ನಿನ್ನೆಯೇ. ಸರ್ವರ್ ಕೊಟ್ಟ ಪುಟಕ್ಕೆ ಬ್ರೌಸರ್‌ನಲ್ಲಿ ಜೀವ ಕೊಡುವುದೇ ಹೈಡ್ರೇಶನ್, ಆಗ ಎರಡೂ ಕಡೆ ಬೇರೆ ಬೇರೆ ಪಠ್ಯ ಬಂದರೆ ರಿಯಾಕ್ಟ್ (ಪುಟ ಕಟ್ಟುವ ಲೈಬ್ರರಿ) ದೂರುತ್ತದೆ. ದಿನಾಂಕ ಬರೆಯುವ ಕಡೆಯೆಲ್ಲ ಟೈಮ್‌ಝೋನ್ 'ಏಷ್ಯಾ/ಕೋಲ್ಕತಾ' ಅಂತ ಸ್ಪಷ್ಟವಾಗಿ ಕೊಡಿ, ಭಾಷೆಯ ಸಂಕೇತವನ್ನೂ ನೀವೇ ಕೊಡಿ, ಸಿಸ್ಟಂಗೆ ಬಿಡಬೇಡಿ. ಕನ್ನಡ ಅಂಕಿ ಬೇಕಿದ್ದರೆ ಅದನ್ನೂ ಅಲ್ಲೇ ಕೇಳಬೇಕು, ಬರೀ ಕನ್ನಡ ಅಂದರೆ 1, 2, 3 ಅಂತಲೇ ಬರುತ್ತದೆ. ನೋಡ್ 13ಕ್ಕಿಂತ ಹಳೆಯದಿದ್ದರೆ ತಿಂಗಳ ಹೆಸರು ಇಂಗ್ಲಿಷಿನಲ್ಲಿ ಬರಬಹುದು. ಅಷ್ಟು ಹಳೆಯದನ್ನು ಇನ್ನೂ ಓಡಿಸುತ್ತಿದ್ದರೆ ಮೊದಲು ಅದನ್ನು ಬದಲಾಯಿಸಿ, ಆಮೇಲೆ ಉಳಿದದ್ದನ್ನು ನೋಡಿ.