ಬಣ್ಣದ ಮಾತು: ಒಂದೇ ಕೊಳ, ನೂರಾರು ಚಿತ್ರ

ಪ್ರಶ್ನೆ: ನಾನು ಆಯಿಲ್ ಪೇಂಟಿಂಗ್ ಮಾಡುತ್ತೇನೆ. ಯಾವಾಗ ನೋಡಿದರೂ ಊರ ಕೆರೆಯನ್ನೇ ಬರೀತೀಯಲ್ಲ ಅಂತ ಮನೆಯವರಿಗೆ ಬೇಜಾರು. ಫ್ರಾನ್ಸಿನ ಕ್ಲಾಡ್ ಮೋನೆ ಕೂಡ ಒಂದೇ ಕೊಳ ಬರೆದನಂತೆ, ನಿಜವಾ?
– ಓದುಗರೊಬ್ಬರು, ಸಾಗರ

ಉತ್ತರ: ನಿಜ. ನೈದಿಲೆ ಕೊಳದ ಚಿತ್ರಗಳೇ ಸುಮಾರು 250 ಇವೆ! 1883ರಲ್ಲಿ ಜಿವರ್ನಿ ಅನ್ನೋ ಹಳ್ಳಿಗೆ ಬಂದವನು 1926ರಲ್ಲಿ ಸಾಯುವ ತನಕ ಅಲ್ಲೇ ಇದ್ದ. ಆ ಕೊಳ ಮೊದಲಿನಿಂದ ಇದ್ದದ್ದೂ ಅಲ್ಲ. 1893ರಲ್ಲಿ ತೋಟದಾಚೆ, ರೈಲು ಹಳಿಯ ಆ ಕಡೆ ಜಾಗ ಕೊಂಡು, ಪಕ್ಕದ ತೊರೆಯ ನೀರು ತಿರುಗಿಸಿ ಮಾಡಿಸಿದ್ದು. ಪರದೇಶದ ಗಿಡ ನೆಟ್ಟರೆ ನೀರು ಕೆಡುತ್ತದೆ ಅಂತ ಊರವರು ತಕರಾರು ತೆಗೆದಿದ್ದರು. ಅವನು ಬಿಡಲಿಲ್ಲ.

ಅವನಿಗೆ ಬೇಸರ ಯಾಕೆ ಬರಲಿಲ್ಲ ಅನ್ನೋದು ಅವನ ಗೋಧಿ ಬಣವೆಗಳ ಚಿತ್ರ ನೋಡಿದರೆ ಗೊತ್ತಾಗುತ್ತದೆ. 1890–91ರಲ್ಲಿ ಬರೆದದ್ದು. ಹಲವು ಕ್ಯಾನ್ವಾಸ್‌ಗಳನ್ನು ಒಟ್ಟಿಗೇ ಹೊಲಕ್ಕೆ ಒಯ್ದು, ಬೆಳಕು ಸ್ವಲ್ಪ ಬದಲಾಯಿತು ಅಂದ ಕೂಡಲೇ ಕೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು ಆ ಹೊತ್ತಿಗೆ ಹೊಂದುವ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಮತ್ತೆ ಅದೇ ಬೆಳಕು ಬಂದಾಗ ಬಿಟ್ಟದ್ದು ಮುಂದುವರಿಯುತ್ತಿತ್ತು. ಬಣವೆ ಅದೇ. ಆದರೆ ಒಂದರಲ್ಲಿ ಅದು ಕೆಂಡದ ಬಣ್ಣ, ಇನ್ನೊಂದರಲ್ಲಿ ಹಿಮದ ಮೇಲೆ ಬಿದ್ದ ಅದರ ನೆರಳು ನೀಲಿ. 1891ರಲ್ಲಿ ಪ್ಯಾರಿಸ್‌ನಲ್ಲಿ ಹೀಗೆ 15 ಬಣವೆಗಳನ್ನು ಒಟ್ಟಿಗೆ ಪ್ರದರ್ಶಿಸಿದ.

ನೀವೂ ಬೆಳಗಿನ ಕೆರೆಗೊಂದು, ಸಂಜೆಯ ಕೆರೆಗೊಂದು ಕ್ಯಾನ್ವಾಸ್ ಇಟ್ಟುಕೊಳ್ಳಿ. ಒಂದರ ಬಣ್ಣ ಇನ್ನೊಂದಕ್ಕೆ ಬೆರೆಸಬೇಡಿ. ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ತೂಗುಹಾಕಿ ಮನೆಯವರನ್ನು ಕರೆದು ತೋರಿಸಿ. ಜಾಸ್ತಿ ಮಾತು ಬೇಕಾಗಲ್ಲ.

ಪ್ರಶ್ನೆ: ಮರದ ನೆರಳಿಗೆ ಕಪ್ಪು ಬೆರೆಸಿದರೆ ಚಿತ್ರವೆಲ್ಲ ಕೆಸರಿನ ಹಾಗೆ ಆಗುತ್ತದೆ. ಏನು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಪ್ಪಿನ ಟ್ಯೂಬನ್ನು ಕೆಲವು ದಿನ ಎತ್ತಿಡಮ್ಮ. ಮೋನೆ 1905ರಲ್ಲಿ ತಾನು ಬಳಸುವ ಬಣ್ಣಗಳನ್ನು ಪತ್ರವೊಂದರಲ್ಲಿ ಹೇಳಿದ್ದಾನೆ: ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್, ಕಡು ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಎಮರಾಲ್ಡ್ ಹಸಿರು. ಅದರಲ್ಲಿ ಕಪ್ಪು ಇಲ್ಲ ನೋಡು. ತೀರಾ ಗಾಢ ಬೇಕಾದರೆ ಕಡು ಕೆಂಪಿಗೆ ವಿರಿಡಿಯನ್ ಹಸಿರು ಬೆರೆಸು, ಹೆಚ್ಚುಕಡಿಮೆ ಕಪ್ಪೇ ಸಿಗುತ್ತದೆ, ಆದರೆ ಒಳಗೆ ಬಣ್ಣ ಇರುತ್ತದೆ. ಅದಕ್ಕೆ ನೀಲಿ ಸ್ವಲ್ಪ ಜಾಸ್ತಿ ಮಾಡಿದರೆ ನೆರಳು ತಣ್ಣಗಾಗುತ್ತದೆ. ಇನ್ನೊಂದು ವಿಷಯ. ಕೆಳಗಿನ ಪದರ ಹಸಿ ಇರುವಾಗಲೇ ಮೇಲೆ ಬ್ರಷ್ ಉಜ್ಜುತ್ತಾ ಹೋದರೂ ಕೆಸರಾಗುತ್ತದೆ. ಎಣ್ಣೆ ಬಣ್ಣ ಒಣಗಲು ದಿನಗಳೇ ಬೇಕು, ಮಳೆಗಾಲದಲ್ಲಿ ಇನ್ನೂ ನಿಧಾನ. ಕಾಯಬೇಕು, ಬೇರೆ ದಾರಿಯಿಲ್ಲ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಮೊದಲಿಂದಲೂ ಚಿತ್ರ ಬರೆಯುತ್ತಿದ್ದೇನೆ. ಈಗ ಕಣ್ಣಿಗೆ ಪೊರೆ ಬಂದಿದೆ. ಬಣ್ಣ ಸರಿಯಾಗಿ ಕಾಣುತ್ತಿಲ್ಲ. ನಿಲ್ಲಿಸಿಬಿಡಲೇ?
– ಓದುಗರು, ತುಮಕೂರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ ಮೇಷ್ಟ್ರೇ. ಮೋನೆಗೂ 1912ರಲ್ಲಿ ಪೊರೆ ಇದೆ ಅಂತ ಗೊತ್ತಾಯಿತು. ಆಪರೇಷನ್ ಅಂದರೆ ಭಯ, ಹತ್ತು ವರ್ಷ ಮುಂದೂಡಿದ. ಟ್ಯೂಬ್ ಮೇಲಿನ ಹೆಸರು ಓದಿಕೊಂಡು, ಪ್ಯಾಲೆಟ್‌ನಲ್ಲಿ ಯಾವ ಬಣ್ಣ ಎಲ್ಲಿ ಅಂತ ನೆನಪಿಟ್ಟುಕೊಂಡು ಬರೆದ. ಆ ವರ್ಷಗಳ ಕೆಲವು ಚಿತ್ರಗಳು ಪೂರ್ತಿ ಕೆಂಪು, ಕಂದು. ಕೊನೆಗೆ 1923ರಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು, ಮತ್ತೆ ಬ್ರಷ್ ಹಿಡಿದ. ಅವನು ದೇಶಕ್ಕೆ ಕೊಟ್ಟ ದೊಡ್ಡ ನೈದಿಲೆ ಚಿತ್ರಗಳು 1927ರಿಂದ ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಮ್ಮಿನ ಎರಡು ಮೊಟ್ಟೆಯಾಕಾರದ ಕೋಣೆಗಳಲ್ಲಿವೆ. ಆ ಕಾಲದಲ್ಲಿ ಅವನು ಹೆದರಿದ್ದರಲ್ಲಿ ಅರ್ಥವಿತ್ತು. ಈಗಿನ ಆಪರೇಷನ್ ಸಾಮಾನ್ಯವಾಗಿ ಒಂದು ಗಂಟೆಯೂ ಹಿಡಿಯಲ್ಲ, ಅದೇ ದಿನ ಮನೆಗೆ ಬರಬಹುದು. ಈ ವಾರವೇ ಕಣ್ಣಿನ ಡಾಕ್ಟರನ್ನು ಕಾಣಿ. ಅಲ್ಲಿಯವರೆಗೆ ಟ್ಯೂಬ್‌ಗಳ ಮೇಲೆ ದಪ್ಪ ಅಕ್ಷರದಲ್ಲಿ ಬಣ್ಣದ ಹೆಸರು ಬರೆದು ಅಂಟಿಸಿಕೊಳ್ಳಿ.