ಬ್ಲೌಸ್ ಟ್ರಯಲ್‌ಗೂ ಅಮ್ಮನ ಭಯಕ್ಕೂ ಏನು ಸಂಬಂಧ?

ಮುಂಬೈನ ಬೊರಿವಲಿಯಿಂದ ದಾದರ್‌ಗೆ ಮದುವೆ ಬ್ಲೌಸ್ ಟ್ರಯಲ್‌ಗೆ ಹೋಗಬೇಕು, ಸಂಜೆ ವಾಪಸ್ ಬರುವಾಗ ಅಮ್ಮ ಲೋಕಲ್ ರೈಲಿನ ಫಸ್ಟ್ ಕ್ಲಾಸ್ ಹತ್ತಲು ಒಪ್ಪುವುದಿಲ್ಲ, ಗೆಳತಿಯರ ಗ್ರೂಪಿನಲ್ಲಿ ಎಲ್ಲರೂ ನಗುತ್ತಿದ್ದಾರೆ, ಹೇಗೆ ಒಪ್ಪಿಸಲಿ ಅಂತ ಕೇಳಿದ್ದೀರಿ.

ಒಪ್ಪಿಸಬೇಡಿ.

2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ಲೋಕಲ್‌ಗಳಲ್ಲಿ ಸುಮಾರು 11 ನಿಮಿಷದೊಳಗೆ 7 ಬಾಂಬ್ ಸಿಡಿದವು. ಎಲ್ಲವೂ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲೇ. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ನಿಮ್ಮ ಬೊರಿವಲಿ, ಮೀರಾ ರೋಡ್. ನಿಮಗೆ ಇವು ಸುಮ್ನೆ ಸ್ಟೇಷನ್ ಹೆಸರುಗಳು. ಅವತ್ತು ಫೋನ್ ಸಿಗದೆ ಬಾಗಿಲಲ್ಲಿ ಕಾದು ನಿಂತವರಿಗೆ ಹಾಗಲ್ಲ. ನಮ್ಮಮ್ಮ ಈಗಲೂ ನಾನು ಹತ್ತು ನಿಮಿಷ ತಡವಾದರೆ ಒಲೆ ಆರಿಸಿ ಕಿಟಕಿ ಹತ್ತಿರ ಬರುತ್ತಾರೆ. ಮರುದಿನವೇ ರೈಲು ಓಡಿತು, ಮುಂಬೈ ಗಟ್ಟಿ ಅಂತ ಎಲ್ಲರೂ ಹೊಗಳಿದರು. ಕೆಲಸಕ್ಕೆ ಹೋಗದೆ ಬೇರೆ ದಾರಿ ಏನಿತ್ತು, ಹೇಳಿ?

ಟ್ರಯಲ್ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಳ್ಳಿ. ರಶ್ ಕಡಿಮೆ, ಟೇಲರ್‌ಗೂ ಪುರುಸೊತ್ತು ಇರುತ್ತದೆ. ನಾಲ್ಕರೊಳಗೆ ಲೇಡೀಸ್ ಡಬ್ಬಿಯಲ್ಲಿ ಮನೆಗೆ. ಮದುವೆಗೆ ಎರಡು ವಾರ ಮೊದಲೇ ಹೋಗಿ, ಪಕ್ಕದ ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಡಲು ಹೇಳಿ. ಹಾಕಿಕೊಂಡು ಕೈ ಪೂರ್ತಿ ಮೇಲೆತ್ತಿ ನೋಡಿ. ಹುಡುಗ ಎತ್ತರ ಇದ್ದರೆ ಮಾಲೆ ಹಾಕುವಾಗಲೇ ಕಂಕುಳಲ್ಲಿ ಹಿಡಿಯೋದು!