ಅಪ್ರೂವಲ್ ಇಲ್ಲ ಅಂತ ಓಟಿ ತಪ್ಪಿಸುವ ಹಾಗಿಲ್ಲ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು. ಈಗ ಕೆನಡಾದ ಬ್ರಾಂಪ್ಟನ್‌ನಲ್ಲಿ ಒಂದು ವೇರ್‌ಹೌಸ್‌ನಲ್ಲಿ ಲೋಡಿಂಗ್ ಕೆಲಸ. ಗಂಟೆಗೆ 24 ಡಾಲರ್. ಎಷ್ಟೋ ವಾರ 52 ಗಂಟೆ ದುಡಿದರೂ 44 ಗಂಟೆಗೇ ಸಂಬಳ. ಕೇಳಿದರೆ, ‘ಓಟಿಗೆ ಮೊದಲೇ ಅಪ್ರೂವಲ್ ತಗೊಂಡಿಲ್ಲವಲ್ಲ’ ಅಂತಾರೆ. ಜೊತೆಯವರು ಕ್ಲಾಸ್ ಆಕ್ಷನ್ ಕೇಸ್ (ಎಲ್ಲ ನೌಕರರ ಪರವಾಗಿ ಒಂದೇ ಕೇಸ್) ಹಾಕೋಣ ಅಂತಿದ್ದಾರೆ. ನಾನು ವರ್ಕ್ ಪರ್ಮಿಟ್ ಮೇಲಿದ್ದೇನೆ, ಭಯ ಆಗುತ್ತೆ. ಖರ್ಚು ನನ್ನ ತಲೆಗೆ ಬರುತ್ತಾ?
– ಓದುಗ, ಬ್ರಾಂಪ್ಟನ್

ಉತ್ತರ: ನಿಮ್ಮ ಪತ್ರ ಓದಿ ಸಿಟ್ಟು ಬಂತು. ಆ ದುಡ್ಡು ನಿಮ್ಮದು. ಮೊದಲೇ ಅಪ್ರೂವಲ್ ಬೇಕು ಅಂತ ಕಂಪನಿ ನಿಯಮ ಮಾಡಿಕೊಂಡಿರಬಹುದು. ಆದರೆ ನೀವು ಕೆಲಸ ಮಾಡುವುದನ್ನು ನೋಡಿಕೊಂಡು ಸುಮ್ಮನಿದ್ದರೆ, ನಿಮ್ಮ ಪ್ರಾಂತ್ಯ ಒಂಟಾರಿಯೊದ ಕಾನೂನಿನಲ್ಲಿ ಅದು ದುಡಿದ ಸಮಯವೇ. 44 ಗಂಟೆ ದಾಟಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೊಡಬೇಕು. 52 ಗಂಟೆ ದುಡಿದ ವಾರಕ್ಕೆ 8 ಗಂಟೆ ಓಟಿ. ಗಂಟೆಗೆ 36ರಂತೆ 288 ಡಾಲರ್. ಒಂದೇ ವಾರಕ್ಕೆ ಇಷ್ಟು!

ಇದೇ ಅಪ್ರೂವಲ್ ನೆಪದ ಮೇಲೆ ಕೆನಡಾದ ಸಿಐಬಿಸಿ ಬ್ಯಾಂಕಿನ ವಿರುದ್ಧ ಅಲ್ಲಿನ ಟೆಲ್ಲರ್ (ಕೌಂಟರ್ ಕ್ಯಾಷಿಯರ್) ಒಬ್ಬರು 2007ರಲ್ಲಿ ಕ್ಲಾಸ್ ಆಕ್ಷನ್ ಹೂಡಿದರು. ಸುಮಾರು 31,000 ನೌಕರರ ಪರವಾಗಿ ನಡೆದ ಕೇಸ್ ಅದು. ನೌಕರರೇ ಗೆದ್ದರು. 15.3 ಕೋಟಿ ಡಾಲರ್‌ಗೆ ರಾಜಿ ಆದದ್ದು ಮಾತ್ರ 2023ರಲ್ಲಿ. ಹದಿನಾರು ವರ್ಷ!

ಖರ್ಚಿನ ಚಿಂತೆ ಬೇಡ. ಇಂಥ ಕೇಸ್‌ಗಳಲ್ಲಿ ವಕೀಲರು ಸಾಮಾನ್ಯವಾಗಿ ಗೆದ್ದ ಹಣದಲ್ಲೇ ಫೀಸು ಹಿಡಿದುಕೊಳ್ಳುತ್ತಾರೆ. ಸೋತರೆ ಎದುರು ಪಕ್ಷದ ಖರ್ಚಿನ ಹೊರೆ ಬೀಳುವುದು ಎಲ್ಲರ ಪರವಾಗಿ ಹೆಸರು ಕೊಟ್ಟು ನಿಂತವರ ಮೇಲೆ, ನಿಮ್ಮಂಥ ಸದಸ್ಯರ ಮೇಲಲ್ಲ. ಕೋರ್ಟು ಕೇಸನ್ನು ಕ್ಲಾಸ್ ಆಕ್ಷನ್ ಅಂತ ಒಪ್ಪಿದರೆ, ಬೇಡ ಅಂತ ನೀವೇ ಬರೆದುಕೊಡದಿದ್ದರೆ ತಾನಾಗಿಯೇ ಸೇರಿಕೊಳ್ಳುತ್ತೀರಿ.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಅಷ್ಟು ವರ್ಷ ಕಾಯುತ್ತಿರಲಿಲ್ಲ. ಒಂಟಾರಿಯೊ ಕಾರ್ಮಿಕ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಒಂದು ಪೈಸೆ ಖರ್ಚಿಲ್ಲ, ವಕೀಲರೂ ಬೇಡ. ಬಾಕಿ ಕೇಳಲು ಎರಡು ವರ್ಷದ ಗಡುವಿದೆ, ತಡ ಮಾಡಿದಷ್ಟೂ ಹಳೆಯ ಬಾಕಿ ಕೈತಪ್ಪುತ್ತೆ. ಒಂದು ಎಚ್ಚರಿಕೆ: ಅದೇ ಹಣಕ್ಕೆ ಇಲ್ಲೂ ಕೋರ್ಟಲ್ಲೂ ಎರಡೂ ಕಡೆ ಹೋಗುವಂತಿಲ್ಲ. ದೂರು ಕೊಟ್ಟ ಎರಡು ವಾರದೊಳಗೆ ವಾಪಸ್ ತಗೊಂಡರಷ್ಟೇ ಕೋರ್ಟಿನ ದಾರಿ ಉಳಿಯುತ್ತೆ. ಜೊತೆಯವರ ಕೇಸ್ ನಿಜಕ್ಕೂ ಶುರುವಾಗುತ್ತಿದೆ ಅನಿಸಿದರೆ ಆ ವಕೀಲರನ್ನು ಮೊದಲು ಮಾತಾಡಿಸಿ.

ವರ್ಕ್ ಪರ್ಮಿಟ್ ಅಂತ ಹೆದರಬೇಡಿ. ಈ ಕಾನೂನು ನಿಮಗೂ ಅಷ್ಟೇ ಅನ್ವಯ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ ಅದೇ ಇನ್ನೊಂದು ತಪ್ಪಾಗುತ್ತೆ. ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ ಪರ್ಮಿಟ್ ಆಗಿದ್ದು, ಅಲ್ಲಿ ಕಿರುಕುಳ ಆಗುತ್ತಿದ್ದರೆ, ಬೇರೆ ಮಾಲೀಕರ ಹತ್ತಿರವೂ ದುಡಿಯಲು ಬಿಡುವ ಓಪನ್ ಪರ್ಮಿಟ್‌ಗೆ ಅರ್ಜಿ ಹಾಕುವ ದಾರಿಯೂ 2019ರಿಂದ ಇದೆ.

ಇದನ್ನು ಓದುವ ಐಟಿಯವರಿಗೂ ಒಂದು ಮಾತು. ಒಂಟಾರಿಯೊದಲ್ಲಿ ಐಟಿ ಪ್ರೊಫೆಷನಲ್‌ಗಳಿಗೆ ಈ ಓಟಿ ನಿಯಮ ಇಲ್ಲ. ನಮ್ಮವರು ಎಷ್ಟೋ ಜನ ಆ ಕೆಲಸದಲ್ಲಿದ್ದಾರೆ, ಅಲ್ವಾ? ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ಇವತ್ತು ರಾತ್ರಿಯೇ ಒಂದು ನೋಟ್‌ಬುಕ್ ತಗೊಳ್ಳಿ. ಶಿಫ್ಟ್ ಶುರು, ಊಟದ ಬಿಡುವು, ಮುಗಿದ ಸಮಯ, ದಿನದಿನವೂ ಬರೆಯಿರಿ. ‘ಇವತ್ತು ಸ್ವಲ್ಪ ಹೊತ್ತು ಇರು’ ಅಂತ ಮ್ಯಾನೇಜರ್ ಕಳಿಸಿದ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಪೇ ಸ್ಲಿಪ್ ಒಂದನ್ನೂ ಎಸೆಯಬೇಡಿ.